ಹಳೇ ಮನೆಯ ಸೈಡಿಂಗ್ ಬದಲಿಸಿದವರು ಇದ್ದೀರಾ? ಅನುಭವ ಹೇಳಿ

ಕೇಳಿದವರು:
ನಮ್ಮದು ಮರದ ಚೌಕಟ್ಟಿನ ಹಳೇ ಮನೆ. ಸೈಡಿಂಗ್, ಅಂದರೆ ಹೊರಗೋಡೆಗೆ ಹೊಡೆದಿರುವ ಮರದ ಹಲಗೆಗಳೂ ಮನೆಯಷ್ಟೇ ಹಳೆಯವು. ಎರಡು ಕಡೆ ಪೇಂಟ್ ಸುಲಿದು ಬರುತ್ತಿದೆ. ಮಳೆ ಹೊಡೆಯುವ ಕಡೆ ಕೆಲವು ಹಲಗೆ ಒತ್ತಿದರೆ ಮೆತ್ತಗಿವೆ. ಪೂರ್ತಿ ಕಿತ್ತು ಹೊಸದು ಹಾಕಿಸಬೇಕಾ, ಇಲ್ಲ ಹಾಳಾದಷ್ಟು ಬದಲಿಸಿದರೆ ಸಾಕಾ? ವಿನೈಲ್ (ಪ್ಲಾಸ್ಟಿಕ್ ಪಟ್ಟಿ), ಫೈಬರ್ ಸಿಮೆಂಟ್ (ನಾರು ಸೇರಿಸಿದ ಸಿಮೆಂಟ್ ಹಲಗೆ), ಮರ, ಯಾವುದು ಒಳ್ಳೆಯದು? ಹಳೆಯದರ ಮೇಲೇ ವಿನೈಲ್ ಹೊಡೆದುಬಿಡೋಣ ಅಂತ ಒಬ್ಬ ಕಂಟ್ರಾಕ್ಟರ್ ಹೇಳುತ್ತಿದ್ದಾರೆ. ಮಾಡಿಸಿದವರು ದಯವಿಟ್ಟು ಹೇಳಿ.

ಪೂರ್ತಿ ಬದಲಿಸಿದವರು:
ಯಾವ ಸೈಡಿಂಗ್ ಅನ್ನೋದು ಆಮೇಲಿನ ಮಾತು. ಮೊದಲು ಒಳಗೇನಾಗಿದೆ ನೋಡಿ. ಒಂದು ಸ್ಕ್ರೂಡ್ರೈವರ್ ಹಿಡಿದು ಮನೆ ಸುತ್ತ ಬನ್ನಿ. ಕಿಟಕಿಯ ಕೆಳಗಿನ ಮೂಲೆಗಳು, ನೆಲಕ್ಕೆ ಹತ್ತಿರದ ಹಲಗೆ, ಚಾವಣಿಯ ಅಂಚು ಬಂದು ಗೋಡೆಗೆ ತಾಗುವ ಜಾಗ, ಇಲ್ಲೆಲ್ಲ ಚುಚ್ಚಿ ನೋಡಿ. ಗಟ್ಟಿ ಮರಕ್ಕೆ ತುದಿ ಇಳಿಯಲ್ಲ. ಕುಂಬಾದ ಮರಕ್ಕೆ ಸಲೀಸಾಗಿ ಇಳಿಯುತ್ತೆ.

ನಮ್ಮಲ್ಲಿ ಹೊರಗಿಂದ ಕಂಡಿದ್ದು ಒಂದು ಹಲಗೆಯ ಪೇಂಟ್ ಉಬ್ಬಿದ್ದು ಮಾತ್ರ. ಕಿತ್ತಾಗ ಅದರ ಹಿಂದಿನ ಒಳಹಲಗೆ ಕಪ್ಪಗಾಗಿತ್ತು, ಬೆರಳಲ್ಲಿ ಉಜ್ಜಿದರೆ ಪುಡಿ ಉದುರುತ್ತಿತ್ತು. ಚೌಕಟ್ಟಿನ ಒಂದು ಕಂಬದ ಬುಡವೂ ಹೋಗಿತ್ತು. ಇಷ್ಟಕ್ಕೆಲ್ಲ ಕಾರಣ ಅಲ್ಲಿ ಒಂದು ತುಂಡು ತಗಡು ಇಲ್ಲದ್ದು. ಚಾವಣಿ ಮೇಲಿಂದ ಗೋಡೆಗೆ ಒತ್ತಿಕೊಂಡೇ ಇಳಿದು ಬರುವ ನೀರನ್ನು ಚಾವಣಿ ಅಂಚಿನ ಗಟರ್ ಕಡೆ ತಿರುಗಿಸಲು ಬಗ್ಗಿಸಿ ಕೂರಿಸುತ್ತಾರಲ್ಲ, ಕಿಕ್‌ಔಟ್ ಫ್ಲ್ಯಾಶಿಂಗ್, ಅದು. ಅದಿಲ್ಲದಿದ್ದರೆ ನೀರು ಸೀದಾ ಹಲಗೆಯ ಹಿಂದಕ್ಕೆ ಹೋಗುತ್ತೆ. ಹೊಸ ಸೈಡಿಂಗ್ ಎಷ್ಟೇ ಚೆನ್ನಾಗಿರಲಿ, ಈ ತಗಡು ಹಾಕದಿದ್ದರೆ ಮತ್ತೆ ಅದೇ ಕಥೆ.

ಹಳೆಯದರ ಮೇಲೆ ಹೊಡೆಯೋದು ಬೇಡವೇ ಬೇಡ. ಮೆತ್ತಗಿರುವ ಹಲಗೆಯಲ್ಲಿ ಮೊಳೆ ನಿಲ್ಲಲ್ಲ. ಒಳಗಿನ ಕುಂಬು ಕಣ್ಣಿಗೆ ಬೀಳದೆ ಬೆಳೆಯುತ್ತೆ. ಗೋಡೆ ದಪ್ಪವಾಗಿ ಕಿಟಕಿಗಳು ಹೂತುಹೋದ ಹಾಗೆ ಕಾಣುತ್ತವೆ.

ಒಂದೇ ಗೋಡೆ ಬದಲಿಸಿದವರು:
ಎಲ್ಲಾ ಕೀಳಬೇಕು ಅಂತೇನಿಲ್ಲ. ನಮ್ಮ ಮನೆಯ ಮೂರು ಗೋಡೆ ಗಟ್ಟಿಯಾಗಿದ್ದವು. ಮಳೆ ಹೊಡೆಯುವ ಗೋಡೆ ಮಾತ್ರ ಬದಲಿಸಿದೆವು, ಮರದಲ್ಲೇ. ಹಳೇ ಹಲಗೆಯ ಮರ ಎಷ್ಟೋ ಸಲ ಈಗ ಸಿಗುವುದಕ್ಕಿಂತ ಗಟ್ಟಿ, ಸುಮ್ನೆ ಬಿಸಾಡಬೇಡಿ. ಹೊಸ ಹಲಗೆ ಹೊಡೆಯುವ ಮೊದಲೇ ಹಿಂಬದಿ, ಅಂಚು, ಕೊಯ್ದ ತುದಿ ಎಲ್ಲದಕ್ಕೂ ಪ್ರೈಮರ್ ಬಳಿಸಿ. ಸೀಡರ್ ಮರ ಆದರೆ ಸ್ಟೇನ್‌ಲೆಸ್ ಮೊಳೆಯೇ ಇರಲಿ. ಸಾದಾ ಕಬ್ಬಿಣದ ಮೊಳೆ ಹೊಡೆದರೆ ಕಪ್ಪು ಗೆರೆ ಇಳಿಯುತ್ತೆ, ಎಷ್ಟು ಉಜ್ಜಿದರೂ ಹೋಗಲ್ಲ.

ಇನ್ನೊಂದು ವಿಷಯ. ಪೇಂಟ್ ಸುಲಿಯುತ್ತಿರುವುದು ಬಚ್ಚಲುಮನೆಯ ಹೊರಗೋಡೆಯ ಮೇಲಾ? ಹಾಗಿದ್ದರೆ ಒಳಗಿನ ಹಬೆ ಗೋಡೆ ದಾಟಿ ಬಂದು ಪೇಂಟನ್ನು ಹಿಂದಿನಿಂದ ತಳ್ಳುತ್ತಿರಬಹುದು. ಆಗ ಬೇಕಾಗಿರೋದು ಎಕ್ಸಾಸ್ಟ್ ಫ್ಯಾನ್, ಹೊಸ ಸೈಡಿಂಗ್ ಅಲ್ಲ.

ಇದೇ ಕೆಲಸ ಮಾಡುವ ಬಡಗಿ:
ಮೇಲಿನವರು ತಗಡಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಸೈಡಿಂಗ್ ನೀರನ್ನು ಪೂರ್ತಿ ತಡೆಯುತ್ತೆ ಅಂದುಕೊಂಡವರೇ ಜಾಸ್ತಿ. ಯಾವ ಸೈಡಿಂಗ್ ಆದರೂ ಒಂದಿಷ್ಟು ನೀರು ಹಿಂದಕ್ಕೆ ಹೋಗೇ ಹೋಗುತ್ತೆ. ಆ ನೀರು ಕೆಳಗಿಳಿದು ಹೊರಗೆ ಬರಲು ದಾರಿ ಇದೆಯಾ, ಅದನ್ನು ನೋಡಬೇಕು.

ಹಾಗಾಗಿ ಒಳಹಲಗೆಯ ಮೇಲೆ ಹೌಸ್‌ರ್ಯಾಪ್ (ನೀರು ತಡೆದು ಹಬೆ ಬಿಡುವ ಹಾಳೆ) ಹೊದಿಸಿ. ಕೆಳಗಿನಿಂದ ಶುರು ಮಾಡಿ, ಮೇಲಿನ ಪಟ್ಟಿ ಕೆಳಗಿನದರ ಮೇಲೆ ಬರಬೇಕು, ಹೆಂಚು ಹೊದಿಸಿದ ಹಾಗೆ. ಕಿಟಕಿಯ ತಲೆಯ ಮೇಲೆ ತಗಡು ಕೂರಿಸಿ, ರ್ಯಾಪ್ ಆ ತಗಡಿನ ಮೇಲೆ ಇಳಿಯಲಿ. ಕಿಟಕಿಯ ಕೆಳಗಿನ ಅಂಚಿಗೆ ಮಾತ್ರ ಟೇಪ್ ಹಾಕಬೇಡಿ, ಒಳಗೆ ಸೇರಿದ ನೀರು ಅಲ್ಲಿಂದಲೇ ಹೊರಗೆ ಬರಬೇಕು. ಹುಷಾರಿ ಜಾಸ್ತಿಯಾಗಿ ನಾಲ್ಕೂ ಕಡೆ ಮುಚ್ಚುವವರನ್ನು ಎಷ್ಟೋ ನೋಡಿದ್ದೇನೆ.

ಮರ ಅಥವಾ ಫೈಬರ್ ಸಿಮೆಂಟ್ ಆದರೆ ರ್ಯಾಪ್ ಮೇಲೆ ಮೇಲಿಂದ ಕೆಳಕ್ಕೆ ನೆಟ್ಟಗೆ ತೆಳು ಪಟ್ಟಿ ಹೊಡೆದು ಅದಕ್ಕೆ ಹಲಗೆ ಬಡಿಯಿರಿ. ಹಿಂದೆ ಸುಮಾರು 10 ಮಿಲಿಮೀಟರ್ ಸಂದು ಇದ್ದರೂ ಗಾಳಿ ಆಡುತ್ತೆ, ಬೇಗ ಒಣಗುತ್ತೆ. ಸಂದಿನ ಕೆಳಗೂ ಮೇಲೂ ಹುಳ ಹೋಗದಂತೆ ಜಾಲರಿ ಇರಲಿ.

ಫೈಬರ್ ಸಿಮೆಂಟ್ ನನಗೆ ಇಷ್ಟ. ಬೆಂಕಿ ಹತ್ತಲ್ಲ, ಗೆದ್ದಲು ಮುಟ್ಟಲ್ಲ. ಭಾರ ಮಾತ್ರ ಜಾಸ್ತಿ, ಒಬ್ಬರೇ ಎತ್ತಿ ಹೊಡೆಯೋದು ಕಷ್ಟ. ನೆಲದಿಂದ 6 ಇಂಚು ಮೇಲಿರಲಿ. ಕೊಯ್ದ ಅಂಚಿಗೆ ಅಲ್ಲೇ ಪೇಂಟ್ ಬಳಿಯಬೇಕು. ಕೊಯ್ಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಮುಖಕ್ಕೆ ಬರೀ ಬಟ್ಟೆ ಕಟ್ಟಿಕೊಂಡು ಕೊಯ್ಯುವ ಕಂಟ್ರಾಕ್ಟರ್ ಸಿಕ್ಕರೆ ಬೇರೆಯವರನ್ನು ಹುಡುಕಿ.

ವಿನೈಲ್ ಹಾಕಿಸಿದವರು:
ವಿನೈಲ್ ಅಂದರೆ ಎಲ್ಲರೂ ಮೂಗು ಮುರಿಯುತ್ತಾರೆ, ನಮಗಂತೂ ತೊಂದರೆ ಆಗಿಲ್ಲ. ಪೇಂಟ್ ಕೆಲಸವೇ ಇಲ್ಲ ಅಲ್ವಾ! ಆದರೆ ಹೊಡೆಯುವ ರೀತಿ ಬೇರೆ. 12 ಅಡಿಯ ಒಂದು ಪಟ್ಟಿ ಬಿಸಿಲು-ಚಳಿಗೆ ಅರ್ಧ ಇಂಚಿನಷ್ಟು ಹಿಗ್ಗಿ ಕುಗ್ಗುತ್ತೆ. ಮೊಳೆಯನ್ನು ಪಟ್ಟಿಯಲ್ಲಿರುವ ಉದ್ದ ತೂತಿನ ಸರಿಯಾಗಿ ಮಧ್ಯಕ್ಕೆ ಹೊಡೆಯಬೇಕು, ಮೊಳೆಯ ತಲೆ ಬಿಗಿಯಾಗಿ ಕೂರಬಾರದು. ಹೊಡೆದ ಮೇಲೆ ಪಟ್ಟಿ ಹಿಡಿದು ಪಕ್ಕಕ್ಕೆ ಎಳೆದು ನೋಡಿ, ಸ್ವಲ್ಪ ಜರುಗಬೇಕು. ಬಿಗಿ ಹೊಡೆದರೆ ಬಿಸಿಲಿಗೆ ಅಲೆ ಅಲೆಯಾಗಿ ಉಬ್ಬುತ್ತೆ. ಎದುರುಮನೆ ಕಿಟಕಿಯ ಗಾಜಿನಿಂದ ಬಿಸಿಲು ಹೊಡೆದು ಬರುವ ಕಡೆಯಂತೂ ವಿನೈಲ್ ಬೇಡ. ಬಿಸಿ ತಡೆಯುವ ಲೇಪದ ಹೊಸ ಗಾಜಿನ ಪ್ರತಿಫಲನಕ್ಕೆ ಅದು ಕರಗಿ ಸೊಟ್ಟಗಾಗಬಹುದು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಚುಚ್ಚಿ ನೋಡಿದೆ, ಒಂದು ಗೋಡೆಯೇ ಹಾಳು, ಉಳಿದವು ಪರವಾಗಿಲ್ಲ. ಆದರೆ ಹಿತ್ತಲ ಕಡೆ ಬೂದು ಬಣ್ಣದ, ಗಡುಸಾದ ಸಿಮೆಂಟ್ ಬಿಲ್ಲೆಗಳಿವೆ. ಅವನ್ನೂ ಒಟ್ಟಿಗೇ ಕಿತ್ತುಬಿಡಲಾ?

ಇದೇ ಕೆಲಸ ಮಾಡುವ ಬಡಗಿ:
ಮುಟ್ಟಬೇಡಿ! ಅದು ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಹಳೇ ಮನೆಗಳಿಗೆ ಕಲ್ನಾರು ಸಿಮೆಂಟಿನ ಬಿಲ್ಲೆ ಹಾಕುತ್ತಿದ್ದ ಕಾಲ ಒಂದಿತ್ತು. ಗಟ್ಟಿಯಾಗಿ ಕೂತಿರುವಷ್ಟು ದಿನ ಅಪಾಯ ಕಮ್ಮಿ. ಒಡೆದರೆ, ಕೊಯ್ದರೆ, ಉಜ್ಜಿದರೆ ಎಳೆಗಳು ಗಾಳಿಗೆ ಬರುತ್ತವೆ. ಮೊದಲು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ, ಸ್ಯಾಂಪಲ್ ತೆಗೆಯೋದನ್ನೂ ಗೊತ್ತಿರುವವರಿಗೇ ಬಿಡಿ. ಕಲ್ನಾರು ಅಂತ ಬಂದರೆ ತೆಗೆಯುವ ಪರವಾನಗಿ ಇದ್ದವರೇ ತೆಗೆಯಲಿ. ಹಳೇ ಪೇಂಟಲ್ಲಿ ಸೀಸ ಇದೆಯಾ ಅಂತಲೂ ನೋಡಿಸಿ. ಅಮೆರಿಕದಲ್ಲೇ ಮನೆಗೆ ಸೀಸದ ಪೇಂಟ್ ನಿಷೇಧ ಆಗಿದ್ದು 1978ರಲ್ಲಿ. ಅದಕ್ಕಿಂತ ಹಳೇ ಪೇಂಟನ್ನು ಒಣಗಿದ್ದಾಗ ಉಜ್ಜಬಾರದು, ಮಕ್ಕಳಿರುವ ಮನೆಯಲ್ಲಂತೂ ಖಂಡಿತ ಬೇಡ.

ಪೂರ್ತಿ ಬದಲಿಸಿದವರು:
ಒಪ್ಪಂದ ಬರೆಯುವಾಗ ಕುಂಬಾದ ಒಳಹಲಗೆ ಸಿಕ್ಕರೆ ಒಂದು ಶೀಟಿಗೆ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಗೋಡೆ ಬಿಚ್ಚಿಟ್ಟು ಕೂತಾಗ ಚೌಕಾಸಿ ನಡೆಯಲ್ಲ. ರ್ಯಾಪ್, ತಗಡು ಎಲ್ಲಾ ಕೂತ ಮೇಲೆ, ಸೈಡಿಂಗ್ ಮುಚ್ಚುವ ಮೊದಲು, ಪ್ರತಿ ಕಿಟಕಿಯ ಫೋಟೋ ತೆಗೆದಿಟ್ಟುಕೊಳ್ಳಿ.