ಅಪ್‌ಡೇಟ್: ನಮ್ಮೂರ ಕೆರೆಯ ಹೂವು ತಾವರೆಯಲ್ಲ, ನೈದಿಲೆ

ಹೋದ ವಾರ ಕೇಳಿದ್ದೆನಲ್ರೀ, ಯಾದಗಿರಿ ಜಿಲ್ಲೆ ಶಹಾಪುರದ ಕಡೆ ನಮ್ಮೂರ ಕೆರೆಯಾಗಿನ ಬಿಳಿ ಹೂವು ತಾವರೆಯೋ ನೈದಿಲೆಯೋ ಅಂತ. ನೈದಿಲೆನೇ! "ಎಲೆಯ ಸೀಳು ನೋಡ್ರಿ" ಅಂದವರ ಮಾತು ಕೆಲಸಕ್ಕ ಬಂತು, ಅವರಿಗೆ ಶರಣು. ನೈದಿಲೆ ಎಲೆ ಅಂಚಿನಿಂದ ತೊಟ್ಟಿನ ತನಕ ಸೀಳಿರ್ತದ. ತಾವರೆ ಎಲೆ ಪೂರ್ತಿ ದುಂಡಗ, ತೊಟ್ಟು ನಟ್ಟನಡುವಿಗೆ ಕೂಡಿರ್ತದ. ಮೊಣಕಾಲುದ್ದ ನೀರಿಗಿಳಿದು ನಾಲ್ಕೈದು ಎಲೆ ನೋಡಿದೆ, ಎಲ್ಲಾದ್ರಾಗೂ ಸೀಳು ಇತ್ತು.

ಹೂವಿನ ಬಣ್ಣ ನೋಡೋ ಸಲಹೆ ನಡೀಲಿಲ್ಲ, ಎರಡರಾಗೂ ಬಿಳಿ, ಗುಲಾಬಿ ಅದಾವ. ಎಲೆ ತೇಲಿದ್ರ ನೈದಿಲೆ ಅನ್ನೋದೂ ಸಾಲದು. ತಾವರೆಯ ಎಳೆ ಎಲೆಗಳೂ ತೇಲ್ತಾವ.

ನನಗ ಭಾಳ ಅಚ್ಚರಿ ಆಗಿದ್ದು ಬೇರೆ: ಇವೆರಡೂ ಹತ್ತಿರದ ಬಳಗವೇ ಅಲ್ಲ. ತಾವರೆಗೆ ನೈದಿಲೆಗಿಂತ ಕಾಶ್ಮೀರದ ಚಿನಾರ್ ಮರವೇ ಹತ್ತಿರದ ಸಂಬಂಧಿ!