ಸಿಂಧೂ ಒಪ್ಪಂದಕ್ಕೆ ಯಾವ ಸಿದ್ಧಾಂತ ಹೊಂದುತ್ತದೆ?

ಪ್ರಶ್ನೆ:
ರಾಜ್ಯಶಾಸ್ತ್ರ ಎಂಎ ಓದುತ್ತಿದ್ದೇನೆ. ವಾಸ್ತವವಾದ (ದೇಶಗಳ ನಡೆ ಬಲದ ಮೇಲೆ ನಿಂತಿದೆ), ಉದಾರವಾದ (ಸಂಸ್ಥೆ, ನಿಯಮಗಳಿಂದ ಸಹಕಾರ ಸಾಧ್ಯ), ರಚನಾವಾದ (ದೇಶಗಳು ಒಂದು ವಿಷಯಕ್ಕೆ ಕೊಡುವ ಅರ್ಥವೇ ಮುಖ್ಯ) ಮೂರರ ವ್ಯಾಖ್ಯೆಯೂ ಬಾಯಿಪಾಠ ಆಗಿದೆ. ಆದರೆ ಒಂದು ಘಟನೆ ಕೊಟ್ಟು ವಿವರಿಸಿ ಅಂದರೆ ಪೆನ್ನು ಮುಂದೆ ಹೋಗುವುದಿಲ್ಲ. ಭಾರತ, ಪಾಕಿಸ್ತಾನ ನದಿ ನೀರು ಹಂಚಿಕೊಂಡ ಸಿಂಧೂ ಜಲ ಒಪ್ಪಂದವನ್ನೇ ನೋಡಿ. 1960ರಲ್ಲಿ ಸಹಿ ಆಯಿತು, 1965, 1971, 1999ರ ಯುದ್ಧಗಳನ್ನೂ ದಾಟಿ ಉಳಿಯಿತು, 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಮರುದಿನ ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ಕೊನೆಗೆ ವಾಸ್ತವವಾದವೇ ಗೆದ್ದಿತು ಅಂತ ಬರೆಯಬಹುದಾ?

ಉತ್ತರ 1:
ಹಾಗೆ ಬರೆಯಬೇಡಿ. ವಾಸ್ತವವಾದಿ ಮೊದಲು ಕೇಳುವುದು ಬಲ ಯಾರ ಕೈಯಲ್ಲಿದೆ ಅಂತ. ನದಿಯ ಮೇಲ್ಭಾಗದಲ್ಲಿ ಇರುವುದು ಭಾರತ. 1948ರ ಏಪ್ರಿಲ್ 1ರಂದು ಭಾರತದ ಪೂರ್ವ ಪಂಜಾಬ್ ರಾಜ್ಯ ಕಾಲುವೆ ನೀರು ನಿಲ್ಲಿಸಿದಾಗ ಪಾಕಿಸ್ತಾನಕ್ಕೆ ಅದರ ಬಿಸಿ ತಟ್ಟಿತ್ತು. ಇಲ್ಲಿಯವರೆಗೆ ಸರಿ. ಆದರೆ 1971ರಲ್ಲಿ ನಮ್ಮ ಬಲ ಕಡಿಮೆ ಇತ್ತಾ? ಯುದ್ಧ ಗೆದ್ದು, 90 ಸಾವಿರಕ್ಕೂ ಹೆಚ್ಚು ಸೆರೆಯಾಳುಗಳನ್ನು ಹಿಡಿದಿದ್ದರೂ ಒಪ್ಪಂದಕ್ಕೆ ಕೈ ಹಾಕಲಿಲ್ಲ. ಇಲ್ಲಿ ಉದಾರವಾದ ಕೆಲಸಕ್ಕೆ ಬರುತ್ತದೆ. ವಿಶ್ವಬ್ಯಾಂಕ್ ಮಧ್ಯಸ್ಥಿಕೆ ವಹಿಸಿತ್ತು, ಎರಡೂ ಕಡೆ ಒಬ್ಬೊಬ್ಬ ಆಯುಕ್ತರಿದ್ದರು, ನದಿಯಲ್ಲಿ ಎಷ್ಟು ನೀರು ಹರಿಯಿತು ಅನ್ನುವ ಲೆಕ್ಕ ತಿಂಗಳು ತಿಂಗಳು ಅತ್ತಿತ್ತ ಹೋಗಬೇಕಿತ್ತು. ಸಂಸ್ಥೆಗಳು ಮಾಹಿತಿ ಕೊಟ್ಟು ಅನುಮಾನ ಕಡಿಮೆ ಮಾಡುತ್ತವೆ ಅಂತ ಉದಾರವಾದಿ ಚಿಂತಕ ರಾಬರ್ಟ್ ಕಿಯೋಹೇನ್ ಹೇಳುವುದು ಇದನ್ನೇ. ಇನ್ನೊಂದು ಮಾತು, ಪೂರ್ವದ ನದಿಗಳು ಭಾರತದ ಪಾಲಿಗೆ ಬಂದದ್ದರಿಂದ ಪಾಕಿಸ್ತಾನ ಬದಲಿ ಕಾಲುವೆ ಕಟ್ಟಿಕೊಳ್ಳಲು ಭಾರತ ಸುಮಾರು 6 ಕೋಟಿ 20 ಲಕ್ಷ ಪೌಂಡ್‌ಗಳನ್ನು ಹತ್ತು ಕಂತಿನಲ್ಲಿ ಕೊಡಬೇಕಿತ್ತು. 1965ರ ಯುದ್ಧದ ವರ್ಷವೂ ಕಂತು ತಪ್ಪಿಸಲಿಲ್ಲ. ನನಗೆ ಈ ಒಪ್ಪಂದದಲ್ಲಿ ತುಂಬಾ ಹಿಡಿಸಿದ ವಿಷಯ ಇದು.

ಉತ್ತರ 2:
ಮೇಲಿನವರು ವಾಸ್ತವವಾದವನ್ನು ಬೇಗ ಕೈಬಿಟ್ಟರು ಅನಿಸುತ್ತದೆ. ಮೇಲ್ಭಾಗದಲ್ಲಿದ್ದರೆ ಸಾಲದು, ನೀರು ಹಿಡಿದಿಡಲು ಜಾಗ ಬೇಕಲ್ವಾ? ಪಾಕಿಸ್ತಾನದ ಪಾಲಿಗೆ ಹೋದ ಪಶ್ಚಿಮದ ಮೂರು ನದಿಗಳಾದ ಸಿಂಧೂ, ಝೇಲಂ, ಚೆನಾಬ್ ಮೇಲೆ ಭಾರತ 36 ಲಕ್ಷ ಎಕರೆ ಅಡಿ ಸಂಗ್ರಹಿಸಬಹುದು ಅಂತ ಒಪ್ಪಂದದಲ್ಲೇ ಇದೆ. ನಮ್ಮ ಲೆಕ್ಕದಲ್ಲಿ ಹೇಳಿದರೆ ಸುಮಾರು 157 ಟಿಎಂಸಿ, ಅಂದರೆ ಮೂರು ಕೆಆರ್‌ಎಸ್‌ಗಿಂತ ಸ್ವಲ್ಪ ಜಾಸ್ತಿ. ಅಷ್ಟನ್ನೂ ನಾವು ಕಟ್ಟಿಕೊಂಡಿಲ್ಲ. ಹಾಗಾಗಿ 1971ರಲ್ಲಿ ನಿಲ್ಲಿಸದೇ ಇದ್ದದ್ದು ಬರೀ ಒಪ್ಪಂದದ ಮೇಲಿನ ಗೌರವದಿಂದ ಅಂತ ಸುಮ್ನೆ ಬರೆದರೆ ಮಾರ್ಕ್ಸ್ ಹೋಗುತ್ತದೆ.

ಉತ್ತರ 3:
ಇಬ್ಬರೂ ರಚನಾವಾದವನ್ನು ಬಿಟ್ಟುಬಿಟ್ಟಿರಿ. ಆಯುಕ್ತರು ಸಾಮಾನ್ಯವಾಗಿ ಜಲವಿಜ್ಞಾನ ಗೊತ್ತಿರುವ ಹಿರಿಯ ಎಂಜಿನಿಯರ್ ಆಗಿರಬೇಕು ಅನ್ನುವುದು ಒಪ್ಪಂದದ ಎಂಟನೇ ವಿಧಿಯಲ್ಲಿದೆ. ಅಂದರೆ 1960ರಲ್ಲಿ ಆ ನೀರನ್ನು ಎಂಜಿನಿಯರುಗಳು ಅಳೆದು ಹಂಚುವ ವಸ್ತು ಅಂತ ನೋಡಿದರು. 2016ರಲ್ಲಿ ಉರಿ ದಾಳಿ ಆದಮೇಲೆ ಪ್ರಧಾನಿ ಮೋದಿ ರಕ್ತ ಮತ್ತು ನೀರು ಒಟ್ಟಿಗೆ ಹರಿಯುವುದಿಲ್ಲ ಎಂದರು. ನದಿಯೂ ಅದೇ, ಒಪ್ಪಂದವೂ ಅದೇ, ಆದರೆ ಅಷ್ಟು ಹೊತ್ತಿಗೆ ನೀರಿಗೆ ಬೇರೆ ಅರ್ಥ ಬಂದಿತ್ತು. ರಚನಾವಾದಿ ಚಿಂತಕ ಅಲೆಕ್ಸಾಂಡರ್ ವೆಂಟ್ ಹೇಳುವುದು ಇದೇ ತರಹದ ಮಾತು. ಬ್ರಿಟನ್ನಿನ 500 ಅಣುಬಾಂಬಿಗಿಂತ ಉತ್ತರ ಕೊರಿಯಾದ 5 ಬಾಂಬ್ ಅಮೆರಿಕಕ್ಕೆ ಜಾಸ್ತಿ ಭಯ ಹುಟ್ಟಿಸುತ್ತದೆ, ಯಾಕೆಂದರೆ ಬ್ರಿಟನ್ ಅದಕ್ಕೆ ಗೆಳೆಯ. ಅಣೆಕಟ್ಟಿನ ಲೆಕ್ಕ 2016ರಲ್ಲಿ ಅಷ್ಟೇನೂ ಬದಲಾಗಿರಲಿಲ್ಲ, ಮಾತು ಯಾಕೆ ಬದಲಾಯಿತು ಅಂತ ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರು:
ಮೂವರಿಗೂ ಧನ್ಯವಾದ. 1971ರಲ್ಲಿ ಯಾಕೆ ನಿಲ್ಲಿಸಲಿಲ್ಲ ಅನ್ನುವುದರಿಂದಲೇ ಉತ್ತರ ಶುರು ಮಾಡುತ್ತೇನೆ. ಕೆಆರ್‌ಎಸ್ ಲೆಕ್ಕವನ್ನೂ ಬರೆದುಕೊಂಡೆ.