ಈಜು ಬರುತ್ತಿದ್ದವರು ಮುಳುಗಿದ್ದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ಮಗಳಿಗೆ 13 ವರ್ಷ. ಸ್ಕೂಲಲ್ಲಿ ಓಡುವಾಗ ಎರಡು ಸಲ ಎಚ್ಚರ ತಪ್ಪಿ ಬಿದ್ದಳು. ಕೈಕಾಲು ಅದುರಿತು. ಒಂದು ನಿಮಿಷಕ್ಕೆ ಎದ್ದು ಕೂತು ಸರಿಯಾಗಿ ಮಾತಾಡಿದಳು. ಫಿಟ್ಸ್ ಅಂತ ಮಾತ್ರೆ ಕೊಟ್ಟಿದ್ದಾರೆ, ಮೆದುಳಿನ ಇಇಜಿ ಪರೀಕ್ಷೆ ನಾರ್ಮಲ್. ಈಗ ನಮ್ಮತ್ತೆ ಇನ್ನೊಂದು ವಿಷಯ ಹೇಳುತ್ತಿದ್ದಾರೆ. ಅವರ ಮೈದುನ, ಅಂದರೆ ನಮ್ಮ ಯಜಮಾನರ ಚಿಕ್ಕಪ್ಪ, ಚೆನ್ನಾಗಿ ಈಜು ಬರುತ್ತಿದ್ದರೂ 19ನೇ ವಯಸ್ಸಿಗೆ ಕೆರೆಯಲ್ಲಿ ಮುಳುಗಿ ಹೋದರಂತೆ. ಸಂಬಂಧ ಇರಬಹುದಾ?

ಉತ್ತರ: ಇರಬಹುದು. ಅತ್ತೆಯವರು ನೆನಪಿಸಿಕೊಂಡಿದ್ದು ಒಳ್ಳೆಯದಾಯಿತು. ಮಗಳ ಇಸಿಜಿ, ಅಂದರೆ ಹೃದಯದ ಪರೀಕ್ಷೆ, ಆಗಿದೆಯಾ? ಆಗಿಲ್ಲದಿದ್ದರೆ ನಾಳೆಯೇ ಮಾಡಿಸಿ.

ನನ್ನ ಅನುಮಾನ ಲಾಂಗ್ ಕ್ಯೂಟಿ ಅನ್ನುವ ಕಾಯಿಲೆಯ ಮೇಲೆ. ಪ್ರತಿ ಬಡಿತ ಆದಮೇಲೂ ಹೃದಯ ಮತ್ತೆ ಚಾರ್ಜ್ ಆಗಬೇಕು. ಇವರಲ್ಲಿ ಅದು ನಿಧಾನ. ಓಡುವಾಗ, ಈಜುವಾಗ, ಬೆಚ್ಚಿಬಿದ್ದಾಗ, ಕೆಲವರಿಗೆ ಬೆಳಗಿನ ಅಲಾರಂ ಹೊಡೆದಾಗಲೂ ತಾಳ ತಪ್ಪುತ್ತದೆ. ಹೃದಯ ಸುಮ್ನೆ ನಡುಗುತ್ತದೆ, ರಕ್ತ ಮಾತ್ರ ಮೆದುಳಿಗೆ ಹೋಗುವುದಿಲ್ಲ. ಮಗು ಬೀಳುತ್ತದೆ, ಕೈಕಾಲು ಅದುರುತ್ತದೆ. ನೋಡಿದವರಿಗೆ ಫಿಟ್ಸ್ ಥರಾನೇ ಕಾಣುತ್ತದೆ. ಫಿಟ್ಸ್ ಆದ ಮಕ್ಕಳು ಸಾಮಾನ್ಯವಾಗಿ ಸ್ವಲ್ಪ ಹೊತ್ತು ಮಂಕಾಗಿರುತ್ತಾರೆ. ನಿಮ್ಮವಳು ಒಂದೇ ನಿಮಿಷಕ್ಕೆ ಸರಿಹೋದಳು ಅಂದಿರಲ್ಲ, ಅಲ್ಲೇ ನನಗೆ ಸಂಶಯ ಬಂದಿದ್ದು.

ಇಸಿಜಿಯಲ್ಲಿ ಕ್ಯೂಟಿ ಅವಧಿಯನ್ನು, ಅಂದರೆ ಬಡಿತ ಶುರುವಾಗಿ ಹೃದಯ ಮತ್ತೆ ಚಾರ್ಜ್ ಆಗುವವರೆಗಿನ ಸಮಯವನ್ನು, ಡಾಕ್ಟರೇ ಕೈಯಾರೆ ಅಳೆಯಲಿ. ಮೆಷಿನ್ ನಾರ್ಮಲ್ ಅಂತ ಪ್ರಿಂಟ್ ಮಾಡಿದ್ದನ್ನು ನಂಬಿ ಕೂರಬೇಡಿ. ನಾಡಿ ವೇಗಕ್ಕೆ ಸರಿಹೊಂದಿಸಿದ ಮೇಲೆ 480 ಮಿಲಿಸೆಕೆಂಡ್ ದಾಟಿದರೆ ಅನುಮಾನ ಬಲವಾಗುತ್ತದೆ. ಕಡಿಮೆ ಬಂದರೂ ಕಾಯಿಲೆ ಇಲ್ಲ ಅಂತಲ್ಲ. ಟ್ರೆಡ್‌ಮಿಲ್, ಜೀನ್ ಪರೀಕ್ಷೆ ಬೇಕಾಗಬಹುದು. ಅಲ್ಲಿಯವರೆಗೆ ಓಟ, ಈಜು ಬೇಡ. ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂಬೇಡಿ.

ಗುಂಪಿನ ಇನ್ನೊಬ್ಬ ಸದಸ್ಯೆ: ನಾನು ಸೋದರಮಾವನನ್ನೇ ಮದುವೆಯಾದವಳು. ಮಗನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವನಿಗೂ ಇಸಿಜಿ ಬೇಕಾ?

ಉತ್ತರ: ಒಂದು ಸಲ ಮಾಡಿಸಿ. ಕಿವುಡುತನದ ಜೊತೆಗೇ ಬರುವ ಲಾಂಗ್ ಕ್ಯೂಟಿಯ ಒಂದು ಬಗೆಯನ್ನು 1957ರಲ್ಲಿ ನಾರ್ವೆಯ ಜೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಗುರುತಿಸಿದರು. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಅದು ಕಾಣಿಸಿಕೊಳ್ಳುತ್ತದೆ. ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಆ ಸಾಧ್ಯತೆ ಜಾಸ್ತಿ. ಹೆಚ್ಚಿನ ಕಿವುಡು ಮಕ್ಕಳಿಗೆ ಇದು ಇರುವುದಿಲ್ಲ, ಹೆದರಬೇಡಿ.

ಮತ್ತೊಬ್ಬರು: ಈ ಲಾಂಗ್ ಕ್ಯೂಟಿಗೆ ಔಷಧಿ ಇದೆಯಾ ಸರ್?

ಉತ್ತರ: ಇದೆ. ಪ್ರೊಪ್ರನಾಲಾಲ್‌ನಂಥ ಹಳೆಯ, ಅಗ್ಗದ ಬೀಟಾ ಬ್ಲಾಕರ್ (ಹೃದಯದ ಮೇಲೆ ಅಡ್ರಿನಲಿನ್ ಪ್ರಭಾವ ತಗ್ಗಿಸುವ) ಮಾತ್ರೆಯಲ್ಲೇ ಬಹಳ ಮಂದಿ ಆರಾಮಾಗಿದ್ದಾರೆ. ಕೆಲವರಿಗಷ್ಟೇ ಎದೆಯೊಳಗೆ ಶಾಕ್ ಕೊಡುವ ಯಂತ್ರ ಇಡಬೇಕಾಗುತ್ತದೆ. ಅಜಿತ್ರೋಮೈಸಿನ್ ಅನ್ನುವ ಆಂಟಿಬಯೋಟಿಕ್, ವಾಂತಿಗೆ ಕೊಡುವ ಡೊಂಪೆರಿಡೋನ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಈ ಕಾಯಿಲೆ ಇರುವವರಿಗೆ ಆಗಿಬರುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಂಡು ನುಂಗುವ ಅಭ್ಯಾಸ ಇದೆಯಲ್ಲ, ಅದು ಬಿಡಬೇಕು. ವಾಂತಿ ಭೇದಿಯಾದರೂ ಹುಷಾರು, ಪೊಟ್ಯಾಸಿಯಂ ಇಳಿದರೆ ತೊಂದರೆ.

ಮೊದಲು ಕೇಳಿದವರು: ನಾಳೆ ಬೆಳಗ್ಗೆ ಹೋಗುತ್ತೇವೆ ಸರ್. ಅತ್ತೆಗೂ ಇಸಿಜಿ ಮಾಡಿಸಲಾ?

ಉತ್ತರ: ಅತ್ತೆಗಲ್ಲ, ಮಾವನವರಿಗೆ. ಮುಳುಗಿದ್ದು ಅವರ ತಮ್ಮ ಅಲ್ವಾ? ಯಜಮಾನರಿಗೂ, ಮಗಳ ಒಡಹುಟ್ಟಿದವರಿಗೂ ಮಾಡಿಸಿ. ಒಮ್ಮೆಯೂ ತಲೆಸುತ್ತು ಬಾರದವರಲ್ಲೂ ಈ ಜೀನ್ ಇರಬಹುದು.